ಹದಿನೈದರ ತನಕ

ಸಹಮ್‌ನ ಈ ಕಡಲಂಚಿನಲ್ಲಿ
ಬೆಳಗಿನ ಮೊದಲ ಕೆಲಸ ನೀರು ಬಿಡುವುದು.
ಗಿಡಕ್ಕಲ್ಲ, ಡೀಸೆಲ್ಲಿನಿಂದ ಹೊರಕ್ಕೆ.
ರಾತ್ರಿಯ ಸೆಕೆ ಟ್ಯಾಂಕಿನ ಒಳಮೈಯಲ್ಲಿ ಬೆವರಾಗಿ
ಫಿಲ್ಟರಿನ ಗಾಜುಬಟ್ಟಲಿಗೆ ಇಳಿದು
ಎಣ್ಣೆಯ ತಳದಲ್ಲಿ ಗುಂಡಗೆ ಕೂತಿರುತ್ತದೆ, ಕಳ್ಳನ ಹಾಗೆ.
ತಿರುಪು ಸಡಿಲಿಸಿ ಬೆರಳಿಗೆ ಹಚ್ಚಿ ನೋಡುತ್ತೇನೆ:
ಈ ತೋಟದಲ್ಲಿ ಹುಟ್ಟುವ ಸಿಹಿನೀರು ಇದೊಂದೇ.
ಬಾವಿಯದು ಉಪ್ಪಾಗಿ ಆರು ವರ್ಷವಾಯಿತು.

ಎರಡು ಸಿಲಿಂಡರಿನ ಪುಟ್ಟ ಟ್ರ್ಯಾಕ್ಟರು.
ಜಪಾನು ಬಿಡುವಾಗ ಕಿತ್ತಳೆ ಬಣ್ಣವಿತ್ತಂತೆ,
ಇಲ್ಲಿಯ ಬಿಸಿಲು ನೆಕ್ಕಿ ನೆಕ್ಕಿ ಈಗ ಹಳೆಯ ಇಟ್ಟಿಗೆ.
ಖರ್ಜೂರದ ಎರಡು ಸಾಲಿನ ನಡುವೆ ನುಸುಳುವಷ್ಟೇ ಅಗಲ.
ಸೀಟಿಗೆ ಒದ್ದೆ ಗೋಣಿ ಹಾಸದೆ ಕೂತರೆ
ಎದ್ದಾಗ ಚರ್ಮ ಅಲ್ಲೇ.
ಗಂಟೆ ಎಣಿಸುವ ಮೀಟರು
ನಾಲ್ಕು ಸಾವಿರದ ನೂರ ಹದಿನೇಳಕ್ಕೆ ನಿಂತಿದೆ, ನಾನು ಬರುವ ಮೊದಲೇ.
ಆಮೇಲಿನ ಲೆಕ್ಕ ಶೆಡ್ಡಿನ ಗೋಡೆಯಲ್ಲಿ ನನ್ನ ಸೀಮೆಸುಣ್ಣದ್ದು:
ಆಯಿಲು ಇಂಥ ದಿನ, ಬೆಲ್ಟು ಇಂಥ ದಿನ, ಗುರುವಾರ ಗ್ರೀಸು.
ಶಮಾಲ್ ಗಾಳಿ ಬೀಸಿದ ಮರುದಿನ ಏರ್ ಫಿಲ್ಟರು ಬಡಿದರೆ
ಒಂದು ಸೇರು ಮರಳು.
ಇಳಕಲ್ಲಿನ ಗ್ಯಾರೇಜಿನಲ್ಲಿ ಪಾನಾ ಹಿಡಿಯಲು ಕಲಿಸಿದ ಹುಲಗಪ್ಪ ಅನ್ನುತ್ತಿದ್ದ,
"ಇಂಜಿನ್ನು ಮನಷ್ಯಾ ಇದ್ದಂಗ ಲೇ,
ಹೊಟ್ಟಿಕಿಂತ ಮೊದಲ ಉಸರಿಗೆ ಸಾಯತೈತಿ."

ಹದಿಮೂರು ವರ್ಷ ಅದು ನಾಸಿರ್ ಬಿನ್ ಖಲ್ಫಾನರದು.
ಸಪ್ಪಳ ಬದಲಾದರೆ ಹೇಳುತ್ತಿದ್ದೆ,
ಅರ್ಬಾಬ್, ನಿಮ್ಮ ಟ್ರ್ಯಾಕ್ಟರು ಕೆಮ್ಮುತ್ತಿದೆ.
ಹೇಳಿ ಹೋಗಿ ಹಾಯಾಗಿ ಮಲಗುತ್ತಿದ್ದೆ.

ಹೋದ ಚಳಿಗಾಲ ಮಗ ಬಂದು ತೋಟ ಅಳೆದ.
ನಾಲ್ಕು ಸಾಲು ಖರ್ಜೂರ ಇರಲಿ, ನೋಟಕ್ಕೆ;
ಮಿಕ್ಕಿದ್ದರಲ್ಲಿ ಈಜುಕೊಳ, ವಾರಾಂತ್ಯಕ್ಕೆ ಬಾಡಿಗೆ ಕೋಣೆ.
ಟ್ರ್ಯಾಕ್ಟರು? ಗುಜರಿಗೆ, ತೂಕದ ಮೇಲೆ.
ಮುದುಕರು ಏನೂ ಅನ್ನಲಿಲ್ಲ.
ಕಹ್ವಾ ಮುಗಿಸಿ, ಸಾಕೆಂದು ಬಟ್ಟಲು ಅಲುಗಿಸಿ ಕೆಳಗಿಟ್ಟರು.
ಸಂಜೆ ಶೆಡ್ಡಿಗೆ ಬಂದು ಕೀಲಿಯನ್ನು
ನನ್ನ ಅಂಗಿಯ ಜೇಬಿಗೆ ಬಿಟ್ಟು ಹೋದರು:
"ಮೇಯಿಸಿದವನದೇ ಒಂಟೆ."

ಕಾಗದವಿಲ್ಲ ಅದಕ್ಕೆ. ರಸ್ತೆಗೆ ಇಳಿಯದ್ದಕ್ಕೆ ನಂಬರೂ ಇಲ್ಲ.
ನನಗಿದೆ, ಅವಧಿ ಮುಗಿಯುವ ಒಂದು ಕಾರ್ಡು.
ನಿಮ್ಮಿಬ್ಬರಲ್ಲಿ ಇಲ್ಲಿ ಖಾಯಂ ಯಾರು ಭಾಯ್,
ಎಂದು ಕೇಳಿ ಮಫಿಜುಲ್ ತಾನೇ ನಕ್ಕ.

ಆ ರಾತ್ರಿ ನನಗೆ ನಿದ್ದೆಯಿಲ್ಲ.
ನಿನ್ನೆ ತನಕ ಸಣ್ಣ ಸೋರಿಕೆ ಎಂದು ತಟ್ಟೆ ಇಟ್ಟು ಮರೆತದ್ದು
ಮಲಗಿದಲ್ಲಿಗೇ ಕೇಳತೊಡಗಿತು, ಹನಿ ಹನಿ.
ಹಿಂದಿನ ಟೈರಿನ ಬಿರುಕು, ತೊದಲುವ ಇಂಜೆಕ್ಟರು,
ಎಲ್ಲೂ ಪಾರ್ಟು ಸಿಗದ ವಾಟರ್ ಪಂಪು
ಒಂದೊಂದಾಗಿ ಬಂದು ಮಂಚದ ಸುತ್ತ ಕುಕ್ಕರುಗಾಲಲ್ಲಿ ಕೂತವು
ಬಾಕಿ ಸಂಬಳ ಕೇಳುವವರಂತೆ.
ಟಾರ್ಚು ಹಿಡಿದು ಹೋಗಿ ಬೋಲ್ಟು ಮುಟ್ಟಿ ಬಂದೆ.
ಮತ್ತೆ ಹೋದೆ.

ಈಗ ಅದು ಪಕ್ಕದ ತೋಟದ ಮೂಲೆಯಲ್ಲಿ, ಬೇಲಿಯ ಬಾರಿಮರದಡಿ.
ಅವರ ಕುದುರೆಮೆಂತೆಯ ಪಾತಿ ಉತ್ತುಕೊಡುತ್ತೇನೆ;
ನೆರಳಿಗೆ ಅದೇ ಬಾಡಿಗೆ.

ಶುಕ್ರವಾರ ಮುದುಕರ ಮೊಮ್ಮಗಳು ಮೌಝಾ ಬರುತ್ತಾಳೆ,
ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ.
ಸ್ಟಾರ್ಟು ಮಾಡುವ ಮುನ್ನ ಗ್ಲೋ ಪ್ಲಗ್ಗು ಕಾಯಬೇಕು,
ಅದು ಕಾಯುವ ತನಕ ನಾವೂ ಕಾಯಬೇಕು, ಎಣಿಸುತ್ತಾ.
ನಾನು ಮೊದಲಿನಿಂದಲೂ ಎಣಿಸುವುದು ಕನ್ನಡದಲ್ಲೇ.
ಅವಳಿಗೆ ಅದೇ ಹತ್ತಿತು.
ಹತ್ತು, ಹನ್ನೊಂದು, ಹನ್ನೆರಡು...
ನಮ್ಮ ಹಗುರ ಹಕಾರ ಅವಳ ಗಂಟಲಿನ ಆಳದಿಂದ
ಬಿಸಿಯಾಗಿ ಏಳುತ್ತದೆ.
ಶಾಲೆಯಲ್ಲಿ ಟೀಚರಿಗೆ ಹೇಳಿದ್ದಾಳಂತೆ,
ಇದು ಟ್ರ್ಯಾಕ್ಟರಿನ ಭಾಷೆ ಎಂದು.
ಹದಿನಾಲ್ಕಕ್ಕೆ ನಿಂತು ನನ್ನ ಮುಖ ನೋಡುತ್ತಾಳೆ.
ಕೀಲಿ ಅವಳ ಕೈಯಲ್ಲಿದೆ.